ಯಂತ್ರಕ್ಕೆ ಕೋಟಿ, ಬೀಕರ್ ತೊಳೆಯುವ ಕೈಗೆ ಹನ್ನೊಂದು ತಿಂಗಳು

ಮಾನ್ಯ ಮಹಾನಿರ್ದೇಶಕರಿಗೆ,

ವಿಷಯ: ಐಸೋಟೋಪ್ ಪ್ರಯೋಗಾಲಯದ ಹೊರಗುತ್ತಿಗೆ ಸಿಬ್ಬಂದಿಯನ್ನು ಉಳಿಸಿಕೊಳ್ಳುವ ಬಗ್ಗೆ.

ಮಾನ್ಯರೇ,

ನಿಮ್ಮ ಇಲಾಖೆಯ ಐಸೋಟೋಪ್ ಲ್ಯಾಬಿನಲ್ಲಿ ದುಡಿದು, ನಿವೃತ್ತಿಯಾಗಿ, ಈಗ ಸ್ವಂತ ಊರು ಚಿತ್ರದುರ್ಗಕ್ಕೆ ಬಂದು ಕೂತಿರುವ ವಿಜ್ಞಾನಿ ನಾನು. ಇಲಾಖೆಯ ಹೆಸರನ್ನಾಗಲಿ, ಲ್ಯಾಬ್ ಇರುವ ಊರಿನ ಹೆಸರನ್ನಾಗಲಿ ಇಲ್ಲಿ ಬರೆಯುವುದಿಲ್ಲ. ನಿಮಗೆ ಗೊತ್ತಾಗುತ್ತದೆ, ಅಷ್ಟು ಸಾಕು. ಸೇವೆಯಲ್ಲಿದ್ದಾಗ ಇದೇ ಮಾತನ್ನು ಟಿಪ್ಪಣಿ ಬರೆದು ಮೇಲಕ್ಕೆ ಕಳಿಸಿದ್ದೆ. ‘ದಯವಿಟ್ಟು ಚರ್ಚಿಸಿ’ ಎಂದು ಬರೆಸಿಕೊಂಡು ಫೈಲು ಕೆಳಗೆ ಬಂತು. ಚರ್ಚೆ ಮಾತ್ರ ಆಗಲಿಲ್ಲ. ಹೊರಗೆ ಬರೆಯೋಣ ಎಂದರೆ ನಡತೆ ನಿಯಮ ಅಡ್ಡ ಇತ್ತು. ಈಗ ಇಲ್ಲ.

ಲ್ಯಾಬಿಗೆ ಹೊಸ ಮಾಸ್ ಸ್ಪೆಕ್ಟ್ರೋಮೀಟರ್ ಬರುತ್ತಿದೆ ಎಂದು ಹಳೆಯ ಸಹೋದ್ಯೋಗಿಗಳು ಫೋನ್ ಮಾಡಿ ಹೇಳಿದರು. ಸಂತೋಷವಾಯಿತು. ಕೋಟಿಗಟ್ಟಲೆ ಬೆಲೆಯ ಯಂತ್ರ. ಮಂಜೂರು ಮಾಡಿಸಲು ಎಷ್ಟು ಓಡಾಡಬೇಕು ಎಂಬುದು ನನಗೂ ಗೊತ್ತು. ಅದಕ್ಕಾಗಿ ನಿಮ್ಮನ್ನು ಅಭಿನಂದಿಸುತ್ತೇನೆ. ಅದೇ ಫೋನಿನಲ್ಲಿ ಇನ್ನೊಂದು ಸುದ್ದಿಯೂ ಬಂತು. ಕ್ಲೀನ್ ಲ್ಯಾಬಿನಲ್ಲಿ, ಅಂದರೆ ಧೂಳು ಸೇರದಂತೆ ಕಾಯುವ ಕೋಣೆಯಲ್ಲಿ, ಈಗಿರುವ ಹುಡುಗರ ಗುತ್ತಿಗೆ ಮಾರ್ಚಿಗೆ ಮುಗಿಯುತ್ತದಂತೆ, ಏಜೆನ್ಸಿ ಮತ್ತೆ ಬದಲಾಗುತ್ತದಂತೆ. ಈ ಎರಡು ಸುದ್ದಿಯನ್ನು ಒಟ್ಟಿಗೆ ಕೇಳಿದ ಮೇಲೆ ಸುಮ್ನೆ ಕೂರಲು ಆಗಲಿಲ್ಲ.

ನಮ್ಮ ಕೆಲಸ ಏನು ಎಂದು ಈ ಪತ್ರ ಓದುವ ಬೇರೆಯವರಿಗೂ ತಿಳಿಯಬೇಕು. ಹಾಗಾಗಿ ನಿಮಗೆ ಗೊತ್ತಿರುವುದನ್ನೇ ಸ್ವಲ್ಪ ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಒಂದೇ ಧಾತುವಿನ, ತೂಕ ಮಾತ್ರ ಬೇರೆ ಇರುವ ಪರಮಾಣುಗಳಿಗೆ ಐಸೋಟೋಪ್ ಎನ್ನುತ್ತಾರೆ. ಅವನ್ನು ತೂಕದ ಮೇಲೆ ಬೇರ್ಪಡಿಸಿ ಅಳೆಯುವ ಯಂತ್ರ ಮಾಸ್ ಸ್ಪೆಕ್ಟ್ರೋಮೀಟರ್.

ಚಿತ್ರದುರ್ಗ ಸೀಮೆಯ ಕಲ್ಲು ಬಹಳ ಹಳೆಯದು. ಚಿತ್ರದುರ್ಗ ಗ್ರಾನೈಟ್ ಎಂದು ನಾವು ಕರೆಯುವ ಕಲ್ಲಿಗೆ ಸುಮಾರು 260 ಕೋಟಿ ವರ್ಷ. ಈ ಭಾಗದ ನೈಸ್ (gneiss) ಎಂಬ ಪಟ್ಟೆ ಪಟ್ಟೆಯ ಕಲ್ಲು ಕೆಲವು ಕಡೆ 300 ಕೋಟಿ ದಾಟುತ್ತದೆ. ಮರಡಿಹಳ್ಳಿಯಲ್ಲಿ ನೀರಿನ ಅಡಿಯಲ್ಲಿ ಉಕ್ಕಿ, ದಿಂಬು ದಿಂಬಾಗಿ ಗಟ್ಟಿಯಾದ ಲಾವಾ ಇದೆ. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಘೋಷಿಸಿದ್ದಾರೆ. ಹತ್ತಿರದ ಊರಿನವರೇ ಎಷ್ಟೋ ಜನ ಅದನ್ನು ನೋಡಿಲ್ಲ, ಅದು ಬೇರೆ ಮಾತು.

ಇಂಥ ಕಲ್ಲುಗಳ ವಯಸ್ಸು ಹೇಳುವುದು ಜಿರ್ಕಾನ್ ಎಂಬ ಹರಳು. ಸಣ್ಣ ಮರಳಿನ ಕಣದಷ್ಟು ಇರುತ್ತದೆ. ಹುಟ್ಟುವಾಗ ಅದು ಯುರೇನಿಯಂ ಅನ್ನು ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಬಹುಮಟ್ಟಿಗೆ ಹೊರಗೇ ಇಡುತ್ತದೆ. ಆಮೇಲೆ ಒಳಗೆ ಸಿಗುವ ಸೀಸವೆಲ್ಲ ಹೆಚ್ಚುಕಡಿಮೆ ಯುರೇನಿಯಂ ಕ್ಷಯಿಸಿ ಆದದ್ದೇ. ಯುರೇನಿಯಂ-238 ಅರ್ಧಕ್ಕೆ ಇಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಯುರೇನಿಯಂ-235ಕ್ಕೆ ಸುಮಾರು 70 ಕೋಟಿ ಸಾಕು. ಅಂದರೆ ಒಂದೇ ಹರಳಿನಲ್ಲಿ ಎರಡು ಗಡಿಯಾರ. ಎರಡೂ ಒಂದೇ ಹೊತ್ತು ತೋರಿಸಿದರೆ ವಯಸ್ಸು ಗಟ್ಟಿ.

ತೊಂದರೆ ಇರುವುದು ಸೀಸದಲ್ಲಿ. ಒಂದು ಹರಳಿನ ಸೀಸವನ್ನು ನಾವು ಪಿಕೋಗ್ರಾಂ ಲೆಕ್ಕದಲ್ಲಿ ಅಳೆಯುತ್ತೇವೆ. ಒಂದು ಗ್ರಾಮನ್ನು ಒಂದು ಲಕ್ಷ ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಪಿಕೋಗ್ರಾಂ. ಇನ್ನು ಹೊರಗೆ ಸೀಸ ಎಲ್ಲಿಲ್ಲ ಹೇಳಿ? ಹಳೆಯ ಗೋಡೆ ಬಣ್ಣದಲ್ಲಿದೆ, ಬ್ಯಾಟರಿಯಲ್ಲಿದೆ, ಬೆಸುಗೆಯಲ್ಲಿದೆ, ರಸ್ತೆ ಧೂಳಿನಲ್ಲಿದೆ, ಕೆಲವು ಕುಂಕುಮದಲ್ಲೂ ಇದೆ. 2000ದವರೆಗೆ ನಮ್ಮ ಪೆಟ್ರೋಲಿನಲ್ಲೂ ಇತ್ತು. ಭೂಮಿಗೆ 455 ಕೋಟಿ ವರ್ಷ ಎಂದು 1956ರಲ್ಲಿ ಲೆಕ್ಕ ಕೊಟ್ಟವರು ಅಮೆರಿಕದ ಕ್ಲೇರ್ ಪ್ಯಾಟರ್ಸನ್. ಆ ಅಂಕಿ ಸಿಗುವ ಮೊದಲು ಅವರು ವರ್ಷಗಟ್ಟಲೆ ಹೆಣಗಿದ್ದು ಕೋಣೆ, ಪಾತ್ರೆ, ಆಸಿಡ್ ಶುಚಿ ಮಾಡುವುದಕ್ಕೆ. ಪೆಟ್ರೋಲಿನ ಸೀಸ ಗಾಳಿಯಲ್ಲಿ ಎಷ್ಟು ಸೇರಿದೆ ಎಂದು ಆಮೇಲೆ ಜಗತ್ತಿಗೆ ತೋರಿಸಲು ಸಾಧ್ಯವಾದದ್ದೂ ಆ ಶುಚಿಯ ಹಟದಿಂದಲೇ.

ಅಂದರೆ ನಮ್ಮ ಲ್ಯಾಬಿನ ಅರ್ಧ ವಿಜ್ಞಾನ ತೊಳೆಯುವುದರಲ್ಲಿದೆ. ಇದನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ.

ನಾವು ಬಳಸುವುದು ಟೆಫ್ಲಾನ್ ಬೀಕರ್. ಜಿರ್ಕಾನ್ ಕರಗಿಸುವ ಹೈಡ್ರೋಫ್ಲೋರಿಕ್ ಆಸಿಡ್ ಗಾಜನ್ನೇ ತಿಂದುಬಿಡುತ್ತದೆ, ಹಾಗಾಗಿ ಗಾಜು ನಡೆಯುವುದಿಲ್ಲ. ಒಮ್ಮೆ ಬಳಸಿದ ಬೀಕರನ್ನು ನೈಟ್ರಿಕ್ ಆಸಿಡ್‌ನಲ್ಲಿ ಮುಳುಗಿಸಿ ಹಾಟ್‌ಪ್ಲೇಟಿನ ಮೇಲೆ ದಿನಗಟ್ಟಲೆ ಬಿಸಿಯಲ್ಲಿಡಬೇಕು. ಶುದ್ಧ ನೀರಿನಲ್ಲಿ ಜಾಲಿಸಬೇಕು. ಆಮೇಲೆ ಹೈಡ್ರೋಕ್ಲೋರಿಕ್ ಆಸಿಡ್, ಮತ್ತೆ ಬಿಸಿ, ಮತ್ತೆ ನೀರು. ಕೊನೆಗೆ ಒಂದೊಂದು ಬೀಕರಿನ ಒಳಗೂ ಸ್ವಲ್ಪ ಶುದ್ಧ ಆಸಿಡ್ ಹಾಕಿ, ಮುಚ್ಚಳ ಬಿಗಿದು, ರಾತ್ರಿಯೆಲ್ಲ ಬಿಸಿಯಲ್ಲಿಟ್ಟು, ಬೆಳಿಗ್ಗೆ ಚೆಲ್ಲಿ ಇನ್ನೊಮ್ಮೆ ತೊಳೆಯಬೇಕು. ಒಳಗೆ ಹೋಗುವವರು ಬಳೆ, ಉಂಗುರ ಬಿಚ್ಚಿಡಬೇಕು. ಕುಂಕುಮ ಇಲ್ಲ, ಕಾಡಿಗೆ ಇಲ್ಲ, ಪೌಡರ್ ಇಲ್ಲ.

ಈ ಕೆಲಸವನ್ನು ನಮ್ಮಲ್ಲಿ ವರ್ಷಾನುಗಟ್ಟಲೆ ಮಾಡಿದವರು ಹರಿಹರದ ಕಡೆಯ ಒಬ್ಬ ಹೆಣ್ಣುಮಗಳು. ಹೆಸರು ಬರೆಯುವುದು ಬೇಡ ಎಂದಿದ್ದಾರೆ. ಲ್ಯಾಬಿನಲ್ಲಿ ಎಲ್ಲರೂ ‘ಅಕ್ಕ’ ಎನ್ನುತ್ತಿದ್ದೆವು, ನನಗಿಂತ ಎಷ್ಟೋ ಚಿಕ್ಕವರಾದರೂ. ಓದಿದ್ದು ಎಸ್ಸೆಸ್ಸೆಲ್ಸಿ. ತೊಳೆದ ಬೀಕರನ್ನು ಅವರು ಹಾಗೇ ಕವುಚಿ ಇಡುತ್ತಿರಲಿಲ್ಲ. ಒಳಗೆ ಒಂದೇ ಒಂದು ಹನಿ ನೀರು ಬಿಟ್ಟು, ಬೆಳಕಿಗೆ ಹಿಡಿದು, ನಿಧಾನವಾಗಿ ಓರೆ ಮಾಡುತ್ತಿದ್ದರು. ಹನಿ ಗುಂಡಗೆ ಉರುಳಿ ಹೋದರೆ ಸರಿ. ಎಲ್ಲೋ ಒಂದು ಕಡೆ ತಡೆದು, ಹಿಂದೆ ತೆಳುವಾದ ಗೆರೆ ಬಿಟ್ಟರೆ ಅಲ್ಲಿ ಏನೋ ಉಳಿದಿದೆ ಎಂದು ಲೆಕ್ಕ. “ಸರ್, ಇದು ಇನ್ನೂ ಆಗಿಲ್ಲ ನೋಡ್ರಿ. ಇವತ್ತು ಬ್ಯಾಚ್ ಹಾಕಬ್ಯಾಡ್ರಿ” ಎನ್ನುತ್ತಿದ್ದರು. ನಾವು ಹಾಕುತ್ತಿರಲಿಲ್ಲ. ಪಿಎಚ್‌ಡಿ ಮಾಡಿದ ಹುಡುಗರು ಮೊದಮೊದಲು ಗೊಣಗುತ್ತಿದ್ದರು. ಬ್ಲ್ಯಾಂಕ್ ಅಳೆದ ಮೇಲೆ ತೆಪ್ಪಗಾಗುತ್ತಿದ್ದರು. ಬ್ಲ್ಯಾಂಕ್ ಎಂದರೆ ಕಲ್ಲು ಹಾಕದೆ ಬರೀ ಆಸಿಡ್, ಬೀಕರ್, ಗಾಳಿ ಇಷ್ಟರಲ್ಲೇ ಎಲ್ಲ ಹಂತ ಮುಗಿಸಿ, ಎಷ್ಟು ಸೀಸ ನಮ್ಮಿಂದಲೇ ಸೇರಿದೆ ಎಂದು ನೋಡುವುದು. ಅಕ್ಕ ಇದ್ದಾಗ ಅದು ಹತ್ತು ಪಿಕೋಗ್ರಾಂ ಆಸುಪಾಸಿನಲ್ಲೇ ಇರುತ್ತಿತ್ತು.

ಕಚೇರಿ ದಾಖಲೆಯಲ್ಲಿ ಅಕ್ಕನ ಕೆಲಸ ಇದ್ದದ್ದು ‘ಹೌಸ್‌ಕೀಪಿಂಗ್’ ತಲೆಬರಹದ ಕೆಳಗೆ. ಕಾರಿಡಾರ್ ಒರೆಸುವುದು, ಶೌಚಾಲಯ ತೊಳೆಯುವುದು, ಜಿರಳೆ ಔಷಧಿ ಹೊಡೆಯುವುದು, ಕೊನೆಯ ಸಾಲಿನಲ್ಲಿ ‘ಲ್ಯಾಬಿನ ಪಾತ್ರೆ ತೊಳೆಯುವುದು’. ದರ ಚದರ ಅಡಿಗೆ ಇಷ್ಟು ಎಂದು. ಕಾರಿಡಾರ್ ಒರೆಸುವವರ ಕೆಲಸ ಕಡಿಮೆ ಎಂದು ನಾನು ಹೇಳುತ್ತಿಲ್ಲ, ಅವರಿಗೂ ಕಾಯಂ ಸಂಬಳ ಸಿಗಬೇಕಾದದ್ದೇ. ಆದರೆ ಒಂದು ಬೀಕರಿಗೆ ಎಷ್ಟು ಚದರ ಅಡಿ ಎಂದು ಲೆಕ್ಕ ಶಾಖೆಯಲ್ಲಿ ಒಮ್ಮೆ ಕೇಳಿದೆ. ನಕ್ಕರು. ನಾನು ತಮಾಷೆಗೆ ಕೇಳಿರಲಿಲ್ಲ.

ಗುತ್ತಿಗೆ ಹನ್ನೊಂದು ತಿಂಗಳಿನದು. ಹನ್ನೆರಡಾದರೆ ಎಲ್ಲಿ ಹಕ್ಕು ಕೇಳುತ್ತಾರೋ ಎಂಬ ಭಯ, ಅಲ್ವಾ? ನಡುವೆ ಕೆಲವು ದಿನ ಬಿಡಿಸಿ, ಮತ್ತೆ ಸೇರಿಸಿಕೊಳ್ಳುವುದು ಪ್ರತಿ ವರ್ಷದ ಆಟ. ಏಜೆನ್ಸಿ ಬದಲಾದಾಗಲೆಲ್ಲ ಪಿಎಫ್ ಖಾತೆ ಗೊಂದಲ. ನನ್ನ ಸೇವೆಯ ಕೊನೆಯ ದಿನಗಳಲ್ಲಿ ಒಂದು ಏಜೆನ್ಸಿ ಎಲ್ಲರಿಗಿಂತ ಕಡಿಮೆ ದರ ಹಾಕಿ ಟೆಂಡರ್ ಗೆದ್ದಿತು. ಅವರದೇ ಹುಡುಗರು ಬಂದರು. ಅಕ್ಕನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಗೇಟಿನಲ್ಲಿ ಪಾಸ್ ವಾಪಸು ಪಡೆದರು. ಕೆಲಸ ಹಸ್ತಾಂತರಕ್ಕೆ ಒಂದು ದಿನವೂ ಕೊಡಲಿಲ್ಲ.

ಆಮೇಲೆ ಆದದ್ದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಸದಾಗಿ ಬಂದ ಹುಡುಗ ಒಳ್ಳೆಯವನು. ಸೋಮಾರಿ ಅಲ್ಲ. ಬೀಕರಿನ ತಳದಲ್ಲಿ ಸ್ವಲ್ಪ ಕಂದು ಕಲೆ ಕಂಡಿದೆ. ಮನೆಯಲ್ಲಿ ಪಾತ್ರೆ ತಿಕ್ಕುವ ಹಸಿರು ಸ್ಕ್ರಬ್ಬರ್ ತಂದು ಚೆನ್ನಾಗಿ ತಿಕ್ಕಿದ್ದಾನೆ. ಒಂದಲ್ಲ, ಇಡೀ ಸೆಟ್ಟು. ಕಲೆ ಹೋಯಿತು, ಬೀಕರುಗಳು ಬೆಳ್ಳಗೆ ಕಂಡವು. ನನ್ನನ್ನು ಕರೆದು ತೋರಿಸಿದ, ಹೆಮ್ಮೆಯಿಂದಲೇ. ಟೆಫ್ಲಾನ್ ಮೆತ್ತಗಿನ ವಸ್ತು. ಒಳಗೆಲ್ಲ ಕೂದಲೆಳೆಯಂಥ ಗೀರು ಬಿದ್ದಿತ್ತು. ಗೀರಿನೊಳಗೆ ಸೇರಿದ ಸೀಸ ಯಾವ ಆಸಿಡ್ಡಿಗೂ ಪೂರ್ತಿ ಬಿಡಲಿಲ್ಲ. ಹಿಂದಿನ ವಾರ ಕರಗಿಸಲು ಹಾಕಿದ್ದ ಜಿರ್ಕಾನುಗಳೂ ಹೀಗೆ ತಿಕ್ಕಿದ ಬೀಕರುಗಳಲ್ಲೇ ಇದ್ದವು ಎಂಬುದು ಬ್ಲ್ಯಾಂಕ್ ನೂರು ಪಿಕೋಗ್ರಾಂ ದಾಟಿದಾಗ ಗೊತ್ತಾಯಿತು. ಹುಡುಗನನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ತಿಕ್ಕಬಾರದು ಎಂದು ಅವನಿಗೆ ಹೇಳಿಕೊಡಬೇಕಾದವರನ್ನು ನಾವೇ ಗೇಟಿನ ಆಚೆ ಕಳಿಸಿದ್ದೆವಲ್ಲ.

ಆ ಹರಳುಗಳು ಬಂದದ್ದು ಹೊಳಲ್ಕೆರೆ ಕಡೆಯ ಒಂದು ಹೊಲದಂಚಿನ ಬಂಡೆಯಿಂದ. ಕಲ್ಲು ಒಡೆದು, ಪುಡಿ ಮಾಡಿ, ಜರಡಿ ಹಿಡಿದು, ನೀರಿನ ಮೇಜಿನ ಮೇಲೆ ಹಗುರ ಭಾರ ಬೇರ್ಪಡಿಸಿ, ಅಯಸ್ಕಾಂತಕ್ಕೆ ಕೊಟ್ಟು, ಕೊನೆಗೆ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದೇ ಹರಳು ಆರಿಸಿದ್ದೆವು. ಆ ಕಲ್ಲಿನಲ್ಲಿ ಜಿರ್ಕಾನ್ ಇದ್ದದ್ದೇ ಕಡಿಮೆ. ಬಿರುಕಿಲ್ಲದ ಒಳ್ಳೆಯ ಹರಳೆಲ್ಲ ಆ ಬ್ಯಾಚಿಗೆ ಹೋಗಿತ್ತು. ಕರಗಿಸಿದ ಹರಳು ಮತ್ತೆ ಬರುವುದಿಲ್ಲ. ಇನ್ನೊಮ್ಮೆ ಕಲ್ಲು ತರೋಣ ಎಂದು ಹೋದರೆ ಅಲ್ಲಿ ಬಂಡೆಯೇ ಇರಲಿಲ್ಲ. ಕ್ರಷರಿಗೆ ಹೋಗಿ ಜಲ್ಲಿಯಾಗಿತ್ತು.

ಮೊದಲ ಸಲ ಹೋದಾಗ ಆ ಹೊಲದ ಯಜಮಾನರು ಮಜ್ಜಿಗೆ ಕೊಟ್ಟು, “ಇದಕ್ಕೆ ಎಷ್ಟು ವರ್ಷ ಆಗಿರಬಹುದು ಸ್ವಾಮಿ? ಕೋಟೆಗಿಂತ ಹಳೇದಾ?” ಎಂದು ಕೇಳಿದ್ದರು. ಲೆಕ್ಕ ಬಂದ ಮೇಲೆ ತಿಳಿಸುತ್ತೇನೆ ಎಂದಿದ್ದೆ. ಕೋಟೆಗಿಂತ ಹಳೆಯದು ಎಂದು ಹೇಳಲು ಯಂತ್ರ ಬೇಡ. ಎಷ್ಟು ಹಳೆಯದು ಎಂದು ಇನ್ನು ಯಾರೂ ಹೇಳುವ ಹಾಗಿಲ್ಲ.

ಇದು ಬರೀ ಕಲ್ಲಿನ ವಯಸ್ಸಿನ ಹುಚ್ಚು ಎಂದು ನಿಮ್ಮ ಹಣಕಾಸು ವಿಭಾಗದವರು ಅಂದುಕೊಳ್ಳದಿರಲಿ. ಮಕ್ಕಳ ರಕ್ತದಲ್ಲಿರುವ ಸೀಸ ಬಣ್ಣದ್ದೋ, ಬ್ಯಾಟರಿ ಒಡೆಯುವ ಜಾಗದ್ದೋ ಎಂದು ಗುರುತಿಸಲು ಇದೇ ವಿಧಾನ ನೆರವಾಗುತ್ತದೆ. ಬೋರ್‌ವೆಲ್ ನೀರು ಯಾವ ಕಲ್ಲಿನ ಸಂದಿಯಿಂದ ಬಂದಿದೆ ಎಂದು ಸ್ಟ್ರಾನ್ಷಿಯಂ ಐಸೋಟೋಪ್ ನೋಡಿ ಅಂದಾಜು ಮಾಡಬಹುದು. ಕುಡಿಯುವ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಹಳ್ಳಿಗಳಿರುವ ನಮ್ಮ ಜಿಲ್ಲೆಗೆ ಅದು ಸಣ್ಣ ವಿಷಯವಲ್ಲ. ಆ ಕೆಲಸಕ್ಕೂ ಮೊದಲು ಬೇಕಾಗುವುದು ಶುಚಿಯಾದ ಬೀಕರೇ.

ಅಕ್ಕನನ್ನು ವಾಪಸು ಕರೆಸಿ ಎಂದು ನಾನು ಬರೆದ ಪತ್ರಕ್ಕೆ ಆಡಳಿತ ವಿಭಾಗದಿಂದ ಎರಡು ಸಾಲಿನ ಉತ್ತರ ಬಂತು. ಹೊರಗುತ್ತಿಗೆ ಸಿಬ್ಬಂದಿ ಏಜೆನ್ಸಿಯ ನೌಕರರು, ಅವರಿಗೂ ಇಲಾಖೆಗೂ ಸಂಬಂಧವಿಲ್ಲ ಎಂದು. ನಮ್ಮ ಬೀಕರ್, ನಮ್ಮ ಆಸಿಡ್, ನಮ್ಮ ಫಲಿತಾಂಶ. ಅಳತೆ ಸರಿ ಬಂದಾಗ ವರದಿಯಲ್ಲಿ ನಮ್ಮ ಹೆಸರು. ತೊಳೆದವರಿಗೆ ಮಾತ್ರ ಸಂಬಂಧವಿಲ್ಲ. ಪ್ರಬಂಧಗಳ ಕೊನೆಯಲ್ಲಿ ನಾವು ಅಕ್ಕನಿಗೆ ಧನ್ಯವಾದ ಬರೆಯುತ್ತಿದ್ದೆವು. ಧನ್ಯವಾದಕ್ಕೆ ಪಿಎಫ್ ಕಟ್ ಆಗುವುದಿಲ್ಲ.

2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಒಂದು ತೀರ್ಪನ್ನು ನಿಮ್ಮ ಕಾನೂನು ಶಾಖೆ ಓದಿರುತ್ತದೆ. ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ವರ್ಷಾನುಗಟ್ಟಲೆ ಗುಡಿಸಿ, ಒರೆಸಿ, ಗಿಡ ನೋಡಿಕೊಂಡವರನ್ನು ಕೆಲಸದಿಂದ ತೆಗೆದದ್ದು ತಪ್ಪು, ಅವರನ್ನು ಕಾಯಂ ಮಾಡಿ ಎಂದಿತು. ಕೆಲಸ ಯಾವಾಗಲೂ ಇರುವಂಥದ್ದು, ಮಾಡುವವರು ಮಾತ್ರ ತಾತ್ಕಾಲಿಕ ಎಂಬ ಸರ್ಕಾರಿ ರೂಢಿಯನ್ನು ಕೋರ್ಟು ಒಪ್ಪಲಿಲ್ಲ. ಅವರನ್ನು ಕಚೇರಿಯೇ ನೇರವಾಗಿ ಸೇರಿಸಿಕೊಂಡಿತ್ತು, ಅಕ್ಕ ಬಂದದ್ದು ಏಜೆನ್ಸಿ ಮೂಲಕ. ವ್ಯತ್ಯಾಸ ಇದೆ, ಒಪ್ಪುತ್ತೇನೆ. ಆದರೆ ವರ್ಷಗಳ ಕಾಲ ಏಜೆನ್ಸಿಗಳು ಬದಲಾದವು, ಅಕ್ಕ ಅಲ್ಲೇ ಇದ್ದರು. ಯಾರು ಯಾರ ನೌಕರರು ಎಂಬುದನ್ನು ಅಷ್ಟರಿಂದಲೇ ತಿಳಿಯಬಹುದು.

ಗಾಳಿಯ ಬಗ್ಗೆಯೂ ಒಂದು ಮಾತು. ಕ್ಲೀನ್ ಲ್ಯಾಬಿಗೆ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಮೂಲಕ ಗಾಳಿ ತುಂಬಿ, ಒಳಗಿನ ಒತ್ತಡ ಹೊರಗಿಗಿಂತ ಸ್ವಲ್ಪ ಹೆಚ್ಚು ಇರಿಸುತ್ತೇವೆ. ಬಾಗಿಲು ತೆಗೆದರೆ ಗಾಳಿ ಹೊರಗೆ ಹೋಗಬೇಕು, ಧೂಳು ಒಳಗೆ ಬರಬಾರದು. ವಿದ್ಯುತ್ ಉಳಿತಾಯದ ಸುತ್ತೋಲೆ ಬಂದಾಗ ಸಂಜೆ ಆರರ ಮೇಲೆ ಎಲ್ಲ ಎಸಿಗಳ ಜೊತೆ ಇದನ್ನೂ ಆರಿಸಿದರು. ಸುತ್ತೋಲೆ ಬರೆದವರ ಕೋಣೆಗೆ ಅದು ಸರಿಯಾದ ಆದೇಶವೇ. ಇಲ್ಲಿ ಒಂದು ರಾತ್ರಿ ಫ್ಯಾನ್ ನಿಂತರೆ ಮಾರನೆಯ ದಿನ ನೆಲ, ಗೋಡೆ, ಮೇಜು ಎಲ್ಲ ಮೊದಲಿಂದ ಒರೆಸಬೇಕು. ಒರೆಸಲು ಯಾರು? ಮತ್ತೆ ಅದೇ ಹೊರಗುತ್ತಿಗೆ ಹುಡುಗ.

ನನಗೆ ರಾತ್ರಿ ನಿದ್ದೆ ಕೆಡಿಸುವ ಸಂಗತಿ ಇನ್ನೊಂದಿದೆ. ಹೈಡ್ರೋಫ್ಲೋರಿಕ್ ಆಸಿಡ್ ಬೇರೆ ಆಸಿಡ್‌ಗಳ ಥರ ಅಲ್ಲ. ನೀರು ಬೆರೆಸಿದ ಆಸಿಡ್ ಚರ್ಮಕ್ಕೆ ತಗುಲಿದರೆ ತಕ್ಷಣ ಉರಿಯದೇ ಇರಬಹುದು. ಗಂಟೆಗಳು ಕಳೆದ ಮೇಲೆ ನೋವು ಏಳುತ್ತದೆ. ಅಷ್ಟರಲ್ಲಿ ಅದು ಒಳಗಿಳಿದು ಮೈಯ ಕ್ಯಾಲ್ಸಿಯಂ ಹಿಡಿದುಕೊಂಡಿರುತ್ತದೆ. ಗಟ್ಟಿ ಆಸಿಡ್ ಅಂಗೈಯಷ್ಟು ಜಾಗಕ್ಕೆ ಬಿದ್ದರೂ ಹೃದಯದ ಬಡಿತ ತಪ್ಪಿ ಜೀವ ಹೋಗಬಹುದು. ಕೂಡಲೇ ನೀರಿನಲ್ಲಿ ತೊಳೆದು, ಕ್ಯಾಲ್ಸಿಯಂ ಗ್ಲುಕೊನೇಟ್ ಜೆಲ್ ಹಚ್ಚಿ, ಆಸ್ಪತ್ರೆಗೆ ಓಡಬೇಕು. ಅಕ್ಕನಿಗೆ ಇದೆಲ್ಲ ಬಾಯಿಪಾಠ ಇತ್ತು. ಜೆಲ್ ಟ್ಯೂಬಿನ ತಾರೀಖು ಮುಗಿಯುವ ಮೊದಲೇ ನಮಗೆ ನೆನಪಿಸುತ್ತಿದ್ದರು. ಹೊಸ ಹುಡುಗ ಮೊದಲ ದಿನ ಒಳಗೆ ಬಂದದ್ದು ಹೋಟೆಲಿನಲ್ಲಿ ಹಾಕುವ ತೆಳು ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು. ಏಜೆನ್ಸಿ ಕೊಟ್ಟದ್ದು ಅದನ್ನೇ. ನಾನು ಬಾಗಿಲಲ್ಲೇ ತಡೆದೆ. ಎಲ್ಲ ದಿನ ಬಾಗಿಲಲ್ಲಿ ಯಾರಾದರೂ ಇರುತ್ತಾರಾ?

ಆಸಿಡ್ ಖರೀದಿಯ ಕಥೆ ಉದ್ದ ಮಾಡುವುದಿಲ್ಲ. ಕಡಿಮೆ ದರಕ್ಕೆ ಬಂದ ಆಸಿಡ್ಡಿನಲ್ಲಿ ಸೀಸ ಜಾಸ್ತಿ ಇದ್ದರೆ ಅದನ್ನು ನಾವು ಮತ್ತೆ ಮತ್ತೆ ಬಟ್ಟಿ ಇಳಿಸಬೇಕು. ಉಳಿದ ಹಣ ಅಲ್ಲೇ ಹೋಗುತ್ತದೆ. ಟೆಂಡರಿನಲ್ಲೇ ಸೀಸದ ಮಿತಿ ಬರೆದುಬಿಟ್ಟರೆ ಕಡಿಮೆ ದರದ ನಿಯಮವೂ ಮುರಿಯುವುದಿಲ್ಲ, ಕೆಲಸವೂ ಕೆಡುವುದಿಲ್ಲ.

ಇನ್ನು ನಾನು ಕೇಳುವುದು. ಕ್ಲೀನ್ ಲ್ಯಾಬಿನ ಕೆಲಸವನ್ನು ಹೌಸ್‌ಕೀಪಿಂಗ್ ಟೆಂಡರಿನಿಂದ ಹೊರಗೆ ತೆಗೆಯಿರಿ. ಲ್ಯಾಬ್ ಅಟೆಂಡೆಂಟ್ ಹುದ್ದೆಗಳು ಖಾಲಿ ಬಿದ್ದಿವೆ. ಅವನ್ನು ರದ್ದು ಮಾಡುವ ಪ್ರಸ್ತಾವ ನಿಮ್ಮ ಮೇಜಿನ ಮೇಲಿದ್ದರೆ ದಯವಿಟ್ಟು ಸಹಿ ಹಾಕಬೇಡಿ, ತುಂಬಿಸಿ. ತುಂಬುವಾಗ ಇದೇ ಕೆಲಸ ಮಾಡಿದ ಅನುಭವಕ್ಕೆ ಅಂಕ ಕೊಡಿ, ವಯಸ್ಸಿನಲ್ಲಿ ಸಡಿಲಿಕೆ ಕೊಡಿ. ಅಲ್ಲಿಯವರೆಗೆ ಗುತ್ತಿಗೆ ತಪ್ಪದು ಎಂದಾದರೆ, ಏಜೆನ್ಸಿ ಬದಲಾದರೂ ಲ್ಯಾಬಿನ ಒಳಗಿನವರು ಬದಲಾಗಬಾರದು ಎಂಬ ಷರತ್ತನ್ನು ಟೆಂಡರಿನಲ್ಲಿ ಬರೆಸಿ. ಬಿಟ್ಟು ಹೋಗುವವರು ಬರುವವರಿಗೆ ಕನಿಷ್ಠ ಒಂದು ತಿಂಗಳು ಜೊತೆಗಿದ್ದು ಕಲಿಸಲಿ, ಆ ತಿಂಗಳಿಗೆ ಇಬ್ಬರಿಗೂ ಸಂಬಳ ಇರಲಿ. ಹೈಡ್ರೋಫ್ಲೋರಿಕ್ ಆಸಿಡ್ಡಿನ ತರಬೇತಿ ಆಗದವರಿಗೆ ಒಳಗೆ ಪ್ರವೇಶ ಇಲ್ಲ ಎಂದು ಆದೇಶ ಹೊರಡಿಸಿ. ಸರಿಯಾದ ಕೈಗವಸು, ಮುಖಕವಚ, ಜೆಲ್ ಇವನ್ನು ಏಜೆನ್ಸಿಯ ತಲೆಗೆ ಕಟ್ಟದೆ ಇಲಾಖೆಯೇ ಕೊಡಲಿ. ಫ್ಯಾನಿನ ಸ್ವಿಚ್ಚು ಸುತ್ತೋಲೆಗಳಿಗೆ ಸಿಗದ ಕಡೆ ಇರಲಿ.

ಹೊಸ ಯಂತ್ರದ ಜೊತೆ ಅದನ್ನು ನಡೆಸುವ ತರಬೇತಿಗೆ ಹಣ ಇಟ್ಟಿರುತ್ತೀರಿ. ವಿಜ್ಞಾನಿಗಳಲ್ಲಿ 1-2 ಮಂದಿ ವಿದೇಶಕ್ಕೂ ಹೋಗಿ ಬರಬಹುದು, ಹೋಗಲಿ. ಅದರಲ್ಲಿ ಒಂದು ಸಣ್ಣ ಪಾಲು ತೆಗೆದು ಅಕ್ಕನನ್ನು ಕರೆಸಿ. ಈಗ ಅವರು ದಾವಣಗೆರೆಯಲ್ಲಿ ಒಂದು ಮಂಡಕ್ಕಿ ಭಟ್ಟಿಯಲ್ಲಿ ಕೆಲಸಕ್ಕೆ ಹೋಗುತ್ತಿದ್ದಾರೆ. ಹೊಗೆ, ಮಸಿ, ಬಿಸಿ ಮರಳು. ಹೋದ ತಿಂಗಳು ಭೇಟಿಯಾದಾಗ ಕೇಳಿದೆ, ಹುಡುಗರಿಗೆ ಕಲಿಸಲು ಬರುತ್ತೀರಾ ಎಂದು. “ಬರ್ತೀನಿ ಸರ್. ಆದ್ರೆ ಏಜೆನ್ಸಿ ಕಡೆಯಿಂದ ಅಲ್ಲ. ಆಫೀಸಿನ ಲೆಟರ್ ಬರ್ಲಿ, ನನ್ನ ಹೆಸರಿಗೆ. ಬಸ್ ಚಾರ್ಜು, ದಿನದ ಕೂಲಿ ಕೊಡ್ಬೇಕು” ಎಂದರು. ನ್ಯಾಯವಾದ ಷರತ್ತು ಎಂದೇ ನನಗನಿಸಿತು. ವಿಳಾಸ ನನ್ನ ಹತ್ತಿರ ಇದೆ.

ಮಾರ್ಚಿನ ಟೆಂಡರಿಗೆ ಕರಡು ಈಗಲೇ ತಯಾರಾಗುತ್ತಿರುತ್ತದೆ. ಪ್ರಕಟವಾದ ಮೇಲೆ ತಿದ್ದುವುದು ಕಷ್ಟ ಎಂಬ ಉತ್ತರ ಬರಬಾರದು ಎಂದೇ ಇಷ್ಟು ಮುಂಚೆ ಬರೆದಿದ್ದೇನೆ. ನೀವು ಉತ್ತರ ಕೊಟ್ಟರೆ, ಅದು ಏನೇ ಇರಲಿ, ಈ ಪತ್ರದ ಹಾಗೆಯೇ ಎಲ್ಲರಿಗೂ ಓದಲು ಸಿಗುವಂತೆ ಪ್ರಕಟಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ವಿಜ್ಞಾನಿ,
ಚಿತ್ರದುರ್ಗ